ಕೊನೆಯ ಸೆಮ್ ಪರೀಕ್ಷೆ ಮುಂದೆ ಹೋಯಿತಾ? ಸುಮ್ನೆ ಕೂರಬೇಡಿ, ಈ ಕೆಲಸ ಮಾಡಿ

ಪರೀಕ್ಷೆ ಒಂದು ತಿಂಗಳು ಮುಂದೆ ಹೋದರೆ ನಷ್ಟ ಒಂದೇ ತಿಂಗಳಲ್ಲ. ಪರೀಕ್ಷೆ ತಡವಾದರೆ ಪೇಪರ್ ತಿದ್ದುವುದು ತಡ, ರಿಸಲ್ಟ್ ತಡ, ಅಷ್ಟರಲ್ಲಿ ಬಿ.ಎಡ್. ಅಥವಾ ಪಿ.ಜಿ. ಅರ್ಜಿಯ ಕೊನೆಯ ದಿನ ಮುಗಿದು ಪೂರ್ತಿ ಒಂದು ವರ್ಷವೇ ಹೋಗಿಬಿಡುತ್ತದೆ. ನನಗೂ ಹೀಗೇ ಆಯಿತು. ಕೆಲಸ ಸಿಕ್ಕಿತ್ತು, ಡಿಗ್ರಿಯ ಕೊನೆಯ, ಅಂದರೆ ಆರನೇ ಸೆಮ್ ಮಾರ್ಕ್ಸ್ ಕಾರ್ಡ್ ಕೇಳಿದರು, ಕೈಯಲ್ಲಿರಲಿಲ್ಲ. ಬಂದ ಮೇಲೆ ಕೊಟ್ಟರಾಯ್ತು ಅಂತ ಸುಮ್ಮನಿದ್ದೆ, ಒಂದು ಪತ್ರ ಕೂಡ ಬರೆಯಲಿಲ್ಲ. ಆ ಕೆಲಸ ಬೇರೆಯವರಿಗೆ ಹೋಯಿತು.

ಅದಕ್ಕೇ ಹೇಳುತ್ತೇನೆ, ರಿಸಲ್ಟ್‌ಗೆ ಕಾಯುತ್ತಲೇ ಕಾಗದ ಜೋಡಿಸಿಕೊಳ್ಳಿ.

ಮೊದಲು ನೀವು ಹಾಕಬೇಕೆಂದಿರುವ ಕೆಲಸದ ಅಧಿಸೂಚನೆಯಲ್ಲಿ ಒಂದೇ ಸಾಲು ಹುಡುಕಿ: ಡಿಗ್ರಿ ಯಾವ ದಿನಾಂಕದೊಳಗೆ ಆಗಿರಬೇಕು? ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಪ್ರಿಲಿಮ್ಸ್‌ಗೆ ಕೊನೆಯ ವರ್ಷದವರೂ ಅರ್ಜಿ ಹಾಕಬಹುದು, ಪಾಸಾದ ದಾಖಲೆ ಮೇನ್ಸ್ ಹೊತ್ತಿಗೆ ಕೊಡಬೇಕು. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯಲ್ಲಿ ಹಾಗಿಲ್ಲ, ಅವರು ಹೇಳಿದ ದಿನದೊಳಗೆ ರಿಸಲ್ಟ್ ಬಂದಿರಲೇಬೇಕು. ಈ ಸಾಲು ಓದದೆ ಎಷ್ಟೋ ಜನ ಹಾಕಬಹುದಾಗಿದ್ದ ಅರ್ಜಿಯನ್ನೇ ಬಿಟ್ಟುಬಿಡುತ್ತಾರೆ.

ಆಮೇಲೆ ಪ್ರಿನ್ಸಿಪಾಲರ ಹತ್ತಿರ ಹೋಗಿ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೇಳಿ. ಐದನೇ ಸೆಮ್‌ವರೆಗೆ ಎಲ್ಲಾ ಪಾಸ್, ಬ್ಯಾಕ್‌ಲಾಗ್ ಇಲ್ಲ, ಆರನೇ ಸೆಮ್ ಪರೀಕ್ಷೆ ಅಥವಾ ರಿಸಲ್ಟ್ ಬಾಕಿ ಇದೆ, ತಡ ವಿದ್ಯಾರ್ಥಿಯ ಕಡೆಯಿಂದ ಆಗಿಲ್ಲ ಅಂತ ಅದರಲ್ಲಿರಲಿ. ಸಹಿ, ಸೀಲು, ದಿನಾಂಕ ಮೂರೂ ಬೇಕು. ಇದನ್ನು ಹಳೆಯ ಐದು ಮಾರ್ಕ್ಸ್ ಕಾರ್ಡ್‌ಗಳ ಜೊತೆ ನಿಮಗೆ ಕೆಲಸ ಕೊಟ್ಟಿರುವ ಕಂಪನಿಗೆ ಮೇಲ್ ಮಾಡಿ ಇಷ್ಟು ದಿನ ಸಮಯ ಕೊಡಿ ಅಂತ ಕೇಳಿ. ಫೋನಿನಲ್ಲಿ ಹೇಳಿದ ಮಾತು ಉಳಿಯುವುದಿಲ್ಲ, ಬರೆದದ್ದು ಉಳಿಯುತ್ತದೆ.

ಇನ್ನೊಂದು ವಿಷಯ. ಎಲ್ಲರದ್ದೂ ರಿಸಲ್ಟ್ ಬಂದು ನಿಮ್ಮದು ಮಾತ್ರ ತಡೆಹಿಡಿದಿದ್ದರೆ, ಇಂಟರ್ನಲ್ ಮಾರ್ಕ್ಸ್ ಯುಯುಸಿಎಂಎಸ್‌ನಲ್ಲಿ (ಕಾಲೇಜು, ವಿಶ್ವವಿದ್ಯಾಲಯಗಳು ಬಳಸುವ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಅಪ್‌ಲೋಡ್ ಆಗಿಲ್ಲ ಅನ್ನುವುದು ಒಂದು ಕಾರಣ ಇರಬಹುದು. ಅದನ್ನು ಅಪ್‌ಲೋಡ್ ಮಾಡಬೇಕಾದ್ದು ಕಾಲೇಜು, ಹಾಗಾಗಿ ಮೊದಲು ಅಲ್ಲೇ ಕೇಳಿ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾಗಿ ನಮ್ಮ ವಿಜಯಪುರ ಕಡೆಯವರಿಗೆ ಧಾರವಾಡದ ವಿಶ್ವವಿದ್ಯಾಲಯಕ್ಕೆ ಓಡುವುದು ತಪ್ಪಿತು, ನಿಜ. ಆದರೂ ಇಂಡಿ, ಸಿಂದಗಿಯ ಹುಡುಗರಿಗೆ ಬೆಳಗಾವಿ ಏನು ಹತ್ತಿರವೇ? ಕಾಲೇಜಿನಲ್ಲೇ ಮುಗಿಯುವ ಕೆಲಸಕ್ಕೆ ಒಂದು ದಿನ, ಬಸ್ ಚಾರ್ಜು ಎರಡೂ ಕಳೆಯಬೇಡಿ.

ಕಾಲೇಜಿನಲ್ಲಿ ಬಗೆಹರಿಯದಿದ್ದರೆ ಕ್ಲಾಸಿನವರೆಲ್ಲ ಸಹಿ ಹಾಕಿ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಡಿ. ಯುಜಿಸಿಯ (ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರದ ಆಯೋಗ) 2023ರ ನಿಯಮದ ಪ್ರಕಾರ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆ ಆಗದಿದ್ದರೆ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ದೂರು ಕೇಳಲು ನೇಮಿಸಿದವರಿಗೆ, ಮೇಲ್ಮನವಿ ಹಾಕಬಹುದು. ಪದವಿ ಪ್ರಮಾಣಪತ್ರಕ್ಕೂ 180 ದಿನಗಳ ಮಿತಿಯನ್ನು ಯುಜಿಸಿ ಹಾಕಿದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ವಿಶ್ವವಿದ್ಯಾಲಯವನ್ನು ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಆದರೆ "ಯಾಕೆ ತಡ" ಅಂತ ಕೇಳಬೇಡಿ. ಮೌಲ್ಯಮಾಪನ ಯಾವ ದಿನ ಮುಗಿಯಿತು, ಮಾರ್ಕ್ಸ್ ಕಾರ್ಡ್ ಕಾಲೇಜಿಗೆ ಯಾವ ದಿನ ಕಳಿಸಿದಿರಿ ಅಂತ ಕೇಳಿ. ಯಾವುದೇ ಅರ್ಜಿ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಹೆಣ್ಣುಮಕ್ಕಳಿಗೆ ಈ ತಡ ಇನ್ನೂ ಜಾಸ್ತಿ ಹೊಡೆತ ಕೊಡುತ್ತದೆ. ಮನೆಯಲ್ಲಿ ನಾಲ್ಕು ತಿಂಗಳು ಖಾಲಿ ಕೂತರೆ "ಇನ್ನೇನು ಓದೋದು, ಗಂಡು ನೋಡೋಣ" ಅನ್ನುವ ಮಾತು ಶುರುವಾಗುತ್ತದೆ, ಅಲ್ವಾ? ಆಗ ಪ್ರಿನ್ಸಿಪಾಲರ ಪತ್ರ, ಹಾಕಿದ ಅರ್ಜಿಯ ಪ್ರಿಂಟ್, ಮುಂದಿನ ಪರೀಕ್ಷೆಯ ದಿನಾಂಕ ಮೂರನ್ನೂ ಅಪ್ಪ ಅವ್ವನ ಮುಂದೆ ಇಡಿ. ಮನೆಯಲ್ಲಿ ನಿಮ್ಮ ಪರ ಮಾತಾಡುವ ಅಕ್ಕನೋ ಮಾವನೋ ಇದ್ದರೆ ಅವರಿಗೂ ಮೊದಲೇ ತೋರಿಸಿರಿ.