ಹಳ್ಳಿ ಮದುವೆಗೆ ವಿದೇಶಿ ಗೆಳೆಯರು ಬಂದಾಗ

ಮೈಸೂರು, ಮಂಡ್ಯ ಕಡೆಯ ಹಳ್ಳಿಯ ಮದುವೆಗೆ ಹೊರದೇಶದ ಗೆಳೆಯರನ್ನು ಕರೆದಿದ್ದೀರಾದರೆ ಲಗ್ನಪತ್ರಿಕೆ ಕಳಿಸಿ ಸುಮ್ಮನಾಗಬೇಡಿ. ಯಾವ ಹೊತ್ತಿಗೆ ಎಲ್ಲಿರಬೇಕು ಎಂದು ಬರೆದುಕೊಡಿ. ಸಾಮಾನ್ಯವಾಗಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ‘9.20ರಿಂದ 10.15ರವರೆಗೆ ಸಲ್ಲುವ ಶುಭ ಲಗ್ನ’ ಎಂದರೆ ತಾಳಿ ಕಟ್ಟುವ ಹೊತ್ತು. ಹತ್ತೂಕಾಲಿಗೆ ಬಂದವರು ಅದನ್ನು ನೋಡುವುದಿಲ್ಲ. ಎಂಟೂವರೆಗೇ ಚಪ್ಪರದಲ್ಲಿ ಕೂರಿಸಿ.

ಅತಿಥಿ ನಿಮ್ಮ ಮನೆಯಲ್ಲೇ ತಂಗುವುದಾದರೆ, ಬಂದ 24 ಗಂಟೆಯೊಳಗೆ, ವಿದೇಶಿಯರು ತಂಗಿರುವುದನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ III ಅನ್ನು (2025ರವರೆಗೆ ಇದಕ್ಕೆ ಫಾರ್ಮ್ ‘ಸಿ’ ಎನ್ನುತ್ತಿದ್ದರು) ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಇದು ಹೋಟೆಲಿನವರ ಕೆಲಸ ಎಂದುಕೊಂಡು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಮನೆಯವರಿಗೂ ಅನ್ವಯಿಸುತ್ತದೆ. ಪಾಸ್‌ಪೋರ್ಟ್, ವೀಸಾ ವಿವರ ಮೊದಲೇ ತರಿಸಿಟ್ಟುಕೊಳ್ಳಿ.

ಬಟ್ಟೆ ಭುಜ, ಮೊಣಕಾಲು ಮುಚ್ಚುವಂತಿರಲಿ. ಹೆಂಗಸರಿಗೆ ಕಪ್ಪು, ಅಚ್ಚ ಬಿಳುಪು ಬೇಡ. ಸೀರೆಯ ಆಸೆಯಿದ್ದರೆ ಉಡಿಸಿ, ಆದರೆ ನೆರಿಗೆಗೂ ಸೆರಗಿಗೂ ಪಿನ್ನು ಹಾಕಿ, ಹಿಂದಿನ ದಿನವೇ ಅರ್ಧ ಗಂಟೆ ಓಡಾಡಿಸಿ ನೋಡಿ. ಗಂಡಸರಿಗೆ ವೆಲ್ಕ್ರೋ ಇರುವ ರೆಡಿಮೇಡ್ ಪಂಚೆ ವಾಸಿ. ಚಪ್ಪಲಿ ಸುಲಭಕ್ಕೆ ಕಳಚುವಂತಿರಲಿ, ವೇದಿಕೆಗೆ ಬರಿಗಾಲಲ್ಲೇ ಹತ್ತಬೇಕು.

ಮಂಟಪದಲ್ಲಿ ಅಂತರಪಟ ಹಿಡಿಯುವ ಹೊತ್ತಿಗೆ ಎಲ್ಲರ ಕೈಗೂ ಅಕ್ಷತೆ ಬರುತ್ತದೆ. ಇದು ತಿನ್ನುವುದಕ್ಕಲ್ಲ ಎಂದು ಆಗಲೇ ಹೇಳಿಬಿಡಿ. ವಾಲಗದವರು ಗಟ್ಟಿಮೇಳ ಶುರು ಮಾಡಿದರೆ ತಾಳಿ ಕಟ್ಟುತ್ತಿದ್ದಾರೆ ಎಂದರ್ಥ. ಆಗ ಎದ್ದು ನಿಂತು, ಬಲಗೈಯಿಂದ ಅಕ್ಷತೆಯನ್ನು ವಧೂವರರತ್ತ ಮೆಲ್ಲಗೆ ಹಾಕಲಿ. ಫೋಟೊ ಹುಚ್ಚಿಗೆ ಪುರೋಹಿತರ ಮುಂದೆ ಅಡ್ಡ ನಿಲ್ಲುವುದು, ಹೆಣ್ಣಿನ ಕೋಣೆಗೆ ಕೇಳದೆ ನುಗ್ಗುವುದು ಬೇಡ. ಹಾಗೆಯೇ ನಮ್ಮವರೂ ಅವರನ್ನು ಸೆಲ್ಫಿಗಾಗಿ ಎಳೆದಾಡದಂತೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಬಿಡಿ. ಅವರೂ ಮದುವೆ ನೋಡಲೆಂದೇ ದೂರದಿಂದ ಬಂದವರು.

ಮುಯ್ಯಿಗೆ 501 ಅಥವಾ 1001 ರೂಪಾಯಿ ಕವರಿನಲ್ಲಿ ಹಾಕಿ, ಮೇಲೆ ಹೆಸರು ಬರೆಯಲಿ. ಚರ್ಮದ ವಸ್ತು, ಮದ್ಯ ಉಡುಗೊರೆಗೆ ಬೇಡವೇ ಬೇಡ.

ಅತಿಥಿ ನಿಜವಾಗಿ ತಬ್ಬಿಬ್ಬಾಗುವುದು ಊಟದ ಪಂಕ್ತಿಯಲ್ಲಿ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ನೀರು ಚಿಮುಕಿಸಿ ಒರೆಸಿಕೊಂಡು, ಬಡಿಸಿದ್ದನ್ನೆಲ್ಲ ತಕ್ಷಣ ತಿನ್ನಲು ಶುರು ಮಾಡದೆ ಸಾಲಿನವರನ್ನು ನೋಡಲಿ. ಸಾರು ಹರಿದು ಮಡಿಲಿಗೆ ಇಳಿಯುವುದು ಪ್ರತಿ ಮದುವೆಯಲ್ಲೂ ಆಗುವ ಅನಾಹುತ. ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿ, ಅದರೊಳಗೆ ಅರ್ಧ ಸೌಟು ಮಾತ್ರ ಹಾಕಿಸಿಕೊಂಡು, ಸುತ್ತಲಿನ ಅನ್ನವನ್ನು ಒಳಕ್ಕೆ ಎಳೆದು ಕಲಸಿದರೆ ಹನಿಯೂ ಆಚೆ ಬಾರದು. ಎಲೆ ಖಾಲಿಯಾದರೆ ಮತ್ತೆ ಬಡಿಸುತ್ತಾರೆ. ಬರೀ ಬಾಯಲ್ಲಿ ‘ಸಾಕು’ ಎಂದರೆ ಸಂಕೋಚ ಎಂದುಕೊಳ್ಳುತ್ತಾರೆ, ಎಲೆಯ ಮೇಲೆ ಅಡ್ಡ ಕೈ ಹಿಡಿಯಬೇಕು. ಕುಡಿಯಲು ಸೀಲ್ ಮಾಡಿದ ಬಾಟಲಿ ನೀರನ್ನೇ ಕೊಡಿ. ಪಂಕ್ತಿ ಮುಗಿಯುವ ಮುನ್ನ ಏಳದಿರಲಿ.

ಹೊರಡುವಾಗ ಕೊಡುವ ತಾಂಬೂಲವನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಲಿ. ತೆಂಗಿನಕಾಯಿ, ವೀಳ್ಯದೆಲೆಯನ್ನು ಆಸ್ಟ್ರೇಲಿಯಾದಂಥ ದೇಶಗಳು ಒಳಗೆ ಬಿಡುವುದಿಲ್ಲ. ಊರು ಬಿಡುವ ಮುಂಚೆ ಅವನ್ನು ನಿಮ್ಮ ಅಡುಗೆಮನೆಗೆ ತೆಗೆದಿಟ್ಟುಕೊಂಡು, ಚೀಲವನ್ನು ಮಾತ್ರ ನೆನಪಿಗೆ ಕಳಿಸಿ.