ಲಕ್ವದ ಲಕ್ಷಣ ಕಂಡರೆ ಮೊದಲು ಗಡಿಯಾರ ನೋಡಿ

ನಮ್ಮ ಉಡುಪಿ, ಮಂಗಳೂರಿನ ಮನೆಗಳಲ್ಲಿ ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಒಯ್ಯುವುದು ತಡವಾಗುವುದು ಅಲಕ್ಷ್ಯದಿಂದಲ್ಲ, ಆರೈಕೆಯಿಂದ. ನೆರೆಮನೆಯ ಅಜ್ಜಿಯೊಬ್ಬರ ಕೈಯಿಂದ ಬೆಳಿಗ್ಗೆ ಚಾಯದ ಲೋಟ ಜಾರಿ ಬಿದ್ದಾಗ ಮನೆಯವರು ನಿಶ್ಶಕ್ತಿಯೆಂದು ಭಾವಿಸಿ ಗಂಜಿತಿಳಿ ಕುಡಿಸಿದರು, ಚಾವಡಿಯಲ್ಲಿ ಮಲಗಿಸಿ ಕೈಗೆ ಎಣ್ಣೆ ತಿಕ್ಕಿದರು, ಪರವೂರಿನಲ್ಲಿದ್ದ ಮಗ ಫೋನಿಗೆ ಸಿಗುವವರೆಗೆ ಕಾದರು. ಆಸ್ಪತ್ರೆ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಅದನ್ನು ಕಂಡ ಮೇಲೆ ಇದನ್ನು ಬರೆಯಲೇಬೇಕೆನಿಸಿತು.

ಲಕ್ಷಣ ಗುರುತಿಸುವುದು ಕಷ್ಟವಲ್ಲ. ನಗಲು ಹೇಳಿ, ಬಾಯಿಯ ಒಂದು ಬದಿ ಜೋತಿದೆಯೇ ನೋಡಿ. ಎರಡೂ ಕೈಗಳನ್ನು ಅಂಗೈ ಮೇಲಾಗಿ ಮುಂದಕ್ಕೆ ಚಾಚಿಸಿ ಕಣ್ಣು ಮುಚ್ಚಿಸಿ, ಹತ್ತು ಎಣಿಸುವಷ್ಟರಲ್ಲಿ ಒಂದು ಕೈ ಕೆಳಗಿಳಿಯುತ್ತದೆಯೇ ಗಮನಿಸಿ. ಮಾತನ್ನು ಅವರ ಮನೆಮಾತಿನಲ್ಲೇ ಪರೀಕ್ಷಿಸಿ: ತುಳು ಆಡುವವರಿಗೆ ‘ಒಣಸ್ ಆಂಡಾ’ (ಊಟ ಆಯಿತೇ) ಎಂದು ಕೇಳಿದಾಗ ಉತ್ತರ ತೊದಲಿದರೆ, ಅಸಂಬದ್ಧವಾದರೆ ಅಥವಾ ಪ್ರಶ್ನೆಯೇ ಅರ್ಥವಾಗದಿದ್ದರೆ ಅದೂ ಲಕ್ಷಣವೇ. ಹಠಾತ್ತನೆ ದೃಷ್ಟಿ ಮಂಜಾಗುವುದು, ನಡಿಗೆ ತೂರಾಡುವುದು, ಹಿಂದೆಂದೂ ಬಾರದಂಥ ತಲೆನೋವು ಬರುವುದು ಕೂಡ ಹೀಗೆಯೇ. ಇವುಗಳಲ್ಲಿ ಒಂದೇ ಕಂಡರೂ ಸಾಕು, ಉಳಿದವುಗಳಿಗಾಗಿ ಕಾಯಬೇಡಿ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ‘ನನಗೇನೂ ಆಗಿಲ್ಲ’ ಎಂಬ ಅವರ ಮಾತನ್ನು ನಂಬಿ ಸುಮ್ಮನಾಗಬಾರದು.

ಕೂಡಲೇ 108ಕ್ಕೆ ಕರೆ ಮಾಡಿ.

ಬಹುತೇಕ ಎಲ್ಲರೂ ಎಡವುವುದು ಮುಂದಿನ ಕೆಲಸದಲ್ಲಿ. ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ರೋಗಿ ಕೊನೆಯದಾಗಿ ಸರಿಯಾಗಿದ್ದುದು ಎಷ್ಟು ಹೊತ್ತಿಗೆ ಎಂಬುದು. ನೀವು ಲಕ್ಷಣ ಕಂಡ ಹೊತ್ತು ಬೇರೆ, ಈ ಹೊತ್ತು ಬೇರೆ. ಬೆಳಿಗ್ಗೆ 6ಕ್ಕೆ ಏಳುವಾಗಲೇ ಕೈ ಸೋತಿದ್ದರೆ ಉತ್ತರ 6 ಗಂಟೆಯಲ್ಲ. ರಾತ್ರಿ 10ಕ್ಕೆ ಮಲಗುವಾಗ ಸರಿಯಿದ್ದರೆ 10 ಗಂಟೆ, ನಡುವೆ 3ಕ್ಕೆ ಎದ್ದು ಬಚ್ಚಲಿಗೆ ನಡೆದುಹೋಗಿ ಯಾರೊಡನೆಯಾದರೂ ಸರಿಯಾಗಿ ಮಾತನಾಡಿದ್ದರೆ 3 ಗಂಟೆ. ಮನೆಯಲ್ಲಿ ಒಬ್ಬರೇ ಇರುವವರಾದರೆ ಅವರ ಫೋನಿನಲ್ಲಿ ಕೊನೆಯ ಕರೆ ಯಾವಾಗಿನದೆಂದು ನೋಡಿ, ಆ ಕಡೆ ಮಾತನಾಡಿದವರನ್ನು ವಿಚಾರಿಸಿ. ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಗಾಬರಿಯಲ್ಲಿ ನೆನಪು ಕೈಕೊಡುತ್ತದೆ.

ಈ ಲೆಕ್ಕಕ್ಕೆ ಕಾರಣವಿದೆ. ಲಕ್ವ, ಅಂದರೆ ಪಾರ್ಶ್ವವಾಯು ಅಥವಾ ಸ್ಟ್ರೋಕ್, ಹೆಚ್ಚಾಗಿ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಬರುತ್ತದೆ, ಕೆಲವರಲ್ಲಿ ನಾಳ ಒಡೆದು ಬರುತ್ತದೆ. ಎರಡರಲ್ಲಿ ಯಾವುದೆಂದು ಸಿಟಿ ಸ್ಕ್ಯಾನ್ ಮಾಡದೆ ಹೇಳಲಾಗದು. ಹೆಪ್ಪಾಗಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಹೊತ್ತು ಮೀರಿತೆಂದು ಕೈಚೆಲ್ಲಿ ಮನೆಯಲ್ಲೇ ಉಳಿಯುವುದೂ ತಪ್ಪು. ದೊಡ್ಡ ನಾಳ ಮುಚ್ಚಿದ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಸಪೂರ ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯಲು ಸಾಧ್ಯವಿದೆ.

ವಾಹನ ಬರುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ. ನುಂಗುವ ಶಕ್ತಿ ಕುಂದಿರುವುದರಿಂದ ನೀರೂ ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರಿನ್ ಕೊಡಬೇಡಿ, ನಾಳ ಒಡೆದಿದ್ದರೆ ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಬಿಪಿ ಯಂತ್ರ ಹೆಚ್ಚು ತೋರಿಸಿತೆಂದು ಇನ್ನೊಂದು ಮಾತ್ರೆ ನುಂಗಿಸುವುದು ನಾನು ಪದೇ ಪದೇ ಕಂಡಿರುವ ತಪ್ಪು; ಒತ್ತಡ ಒಮ್ಮೆಲೇ ಇಳಿದರೆ ಮಿದುಳಿಗೆ ಹೋಗುವ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ. ‘ಲಕ್ವಕ್ಕೆ ರಾಮಬಾಣ’ ಎಂದು ಮಾರುವ ಎಣ್ಣೆ, ಪಾರಿವಾಳದ ರಕ್ತ, ಬೆರಳಿಗೆ ಸೂಜಿ ಚುಚ್ಚುವುದು, ಇವು ಯಾವುವೂ ಮಿದುಳಿನ ಹೆಪ್ಪನ್ನು ಮುಟ್ಟುವುದಿಲ್ಲ. ಕಳೆಯುವುದು ಹೊತ್ತನ್ನು ಮಾತ್ರ. ಸಕ್ಕರೆ ಕಾಯಿಲೆಯವರಾದರೆ ಗ್ಲೂಕೋಮೀಟರಿನಲ್ಲಿ ಒಮ್ಮೆ ನೋಡಿ, ಏಕೆಂದರೆ ಸಕ್ಕರೆ ತೀರ ಇಳಿದಾಗಲೂ ಇಂಥದೇ ಲಕ್ಷಣಗಳು ಕಾಣಬಹುದು. ಅಂಕಿಯನ್ನು ಅದೇ ಚೀಟಿಯಲ್ಲಿ ಬರೆಯಿರಿ. ವಾಂತಿಯಾದರೆ, ಎಚ್ಚರ ತಪ್ಪುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ.

ಹತ್ತು ನಿಮಿಷದಲ್ಲಿ ಎಲ್ಲವೂ ಸರಿಯಾಯಿತೆಂದು ಕರೆದ ವಾಹನವನ್ನು ಹಿಂದಕ್ಕೆ ಕಳುಹಿಸಬೇಡಿ. ದೊಡ್ಡ ಹೊಡೆತಕ್ಕೆ ಅದು ಮುನ್ಸೂಚನೆಯಾಗಿರಬಹುದು, ಆಗಲೇ ತೋರಿಸಬೇಕು.

ಹತ್ತಿರವೆಂಬ ಕಾರಣಕ್ಕೆ ಸ್ಕ್ಯಾನ್ ಇಲ್ಲದ ಚಿಕ್ಕ ಆಸ್ಪತ್ರೆಗೆ ಹೋಗಿ, ಅಲ್ಲಿ ಡ್ರಿಪ್ ಹಾಕಿಸಿಕೊಂಡು ಮತ್ತೆ ಹೊರಡುವುದನ್ನು ನಾನು ಒಪ್ಪುವುದಿಲ್ಲ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ದೊಡ್ಡ ಆಸ್ಪತ್ರೆಗಳಿವೆ. ರಾತ್ರಿಯೂ ಸಿಟಿ ಸ್ಕ್ಯಾನ್ ಮತ್ತು ಹೆಪ್ಪು ಕರಗಿಸುವ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಇಂದೇ ವಿಚಾರಿಸಿ, ಅಲ್ಲಿನ ತುರ್ತು ವಿಭಾಗದ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಬೈಂದೂರು, ಕಾರ್ಕಳದ ಕಡೆಯವರಿಗೆ ದಾರಿಯೇ ದೂರವಾದ್ದರಿಂದ ಇದು ಇನ್ನೂ ಮುಖ್ಯ. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ‘ಸ್ಟ್ರೋಕ್ ಇರಬಹುದು’ ಎಂದು ತಿಳಿಸಿ. ದಿನವೂ ನುಂಗುವ ಮಾತ್ರೆಗಳನ್ನು ಚೀಲಕ್ಕೆ ತುಂಬಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಕೇಳುವ ಮೊದಲೇ ಹೇಳಿ. ಜೊತೆಗೆ ಹೋಗಬೇಕಾದವರು ಮನೆಯ ಯಜಮಾನರೇ ಆಗಬೇಕೆಂದಿಲ್ಲ, ರೋಗಿಯನ್ನು ಕೊನೆಯದಾಗಿ ಸರಿಯಾಗಿದ್ದಾಗ ಕಂಡವರು. ಅದು ಮನೆಗೆಲಸಕ್ಕೆ ಬರುವ ಹೆಂಗಸಾಗಿದ್ದರೆ ಅವರನ್ನೇ ಗಾಡಿಗೆ ಹತ್ತಿಸಿಕೊಳ್ಳಿ, ಬರಲಾಗದಿದ್ದರೆ ಅವರ ಫೋನ್ ನಂಬರನ್ನು ಚೀಟಿಯಲ್ಲಿ ಸೇರಿಸಿ.