ಏರಿನಲ್ಲಿ ಬಿಸಿ, ಬೆಳಿಗ್ಗೆ ಕಟಕಟ: ಒಂದೇ ಕಾರಿನ ಎರಡು ಕಾಯಿಲೆ

ಕಾರು ಬಿಸಿಯಾಗುತ್ತಿದೆ ಎಂದು ಯಾರು ಬಂದರೂ ನಾನು ಮೊದಲು ಕೇಳುವುದು ಒಂದೇ. ಎಲ್ಲಿ ಬಿಸಿಯಾಗುತ್ತದೆ? ಟ್ರಾಫಿಕ್‌ನಲ್ಲಿ ನಿಂತಾಗಲೋ, ಏರು ಹತ್ತುವಾಗಲೋ? ನಿಂತಾಗ ಬಿಸಿಯಾಗಿ ಓಡುವಾಗ ಸರಿಹೋದರೆ ಗಾಳಿ ಸಾಲುತ್ತಿಲ್ಲ. ಫ್ಯಾನು, ಅದರ ರಿಲೇ, ಫ್ಯೂಸು ನೋಡಬೇಕು. ನಿಂತಾಗ ಸರಿಯಿದ್ದು ಏರಿನಲ್ಲಿ ಮಾತ್ರ ಬಿಸಿಯಾದರೆ ಅನುಮಾನ ಬೇರೆ ಕಡೆ ಹೋಗುತ್ತದೆ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಸರಿಯಾಗಿ ಸುತ್ತುತ್ತಿಲ್ಲ, ಇಲ್ಲವೇ ಸುತ್ತಿದರೂ ಶಾಖ ಬಿಡುತ್ತಿಲ್ಲ.

ನನ್ನ ಗ್ಯಾರೇಜ್ ಇರುವುದು ಸಕಲೇಶಪುರದಲ್ಲಿ. ಗುಂಡ್ಯದಿಂದ ಮಾರನಹಳ್ಳಿವರೆಗೆ ಶಿರಾಡಿ ಘಾಟಿ ಹತ್ತಿ, ಹಬೆ ಬಿಡುತ್ತಾ ಬರುವ ಕಾರುಗಳು ಇಲ್ಲಿ ಹೊಸದಲ್ಲ. ಲಾರಿಯ ಹಿಂದೆ, ಎಸಿ ಹಾಕಿಕೊಂಡು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹತ್ತುವಾಗ ಎಂಜಿನ್‌ನ ನಿಜವಾದ ಆರೋಗ್ಯ ಹೊರಬೀಳುತ್ತದೆ. ಈಗ ಹೇಳುತ್ತಿರುವುದು ನಮ್ಮ ಭಾವನ ಕಾರಿನ ಕಥೆ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, ಟೈಮಿಂಗ್ ಚೈನ್ ಇರುವ ಎಂಜಿನ್. ಲಕ್ಷ ಕಿಲೋಮೀಟರ್ ದಾಟಿತ್ತು. ಮೊದಲಿನ ಮಾಲೀಕರು ಅರಸೀಕೆರೆ ಕಡೆಯವರು. ಹಾಸನದ ಟ್ರಾಫಿಕ್‌ನಲ್ಲಿ ಏನೂ ತೊಂದರೆಯಿಲ್ಲ. ಮಂಗಳೂರಿನಿಂದ ಬರುವಾಗ ಘಾಟಿಯಲ್ಲಿ ಉಷ್ಣತೆಯ ಮುಳ್ಳು ಮೇಲೇರುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬೇರೆ.

"ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಲೇಬೇಕು ಅಂತಿದಾರೆ. ನೀನೊಂದ್ಸಲ ನೋಡು" ಎಂದರು ಭಾವ. ಅವರು ಮೊದಲು ಬೇರೊಂದು ಗ್ಯಾರೇಜಿನಲ್ಲಿ ತೋರಿಸಿದ್ದರು.

"ಇಳಿಸೋದು ಆಮೇಲೆ ಭಾವ. ಮೊದಲು ಅಳೆದು ನೋಡೋಣ" ಎಂದೆ.

ಹೆಡ್ ಎಂದರೆ ಎಂಜಿನ್‌ನ ಮೇಲಿನ ಭಾಗ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲೇ ಗ್ಯಾಸ್ಕೆಟ್. ಅದು ಹೋಗಿದೆಯೋ ಇಲ್ಲವೋ ತಿಳಿಯಲು ಹೆಡ್ ಬಿಚ್ಚಬೇಕಿಲ್ಲ. ನೀಲಿ ದ್ರಾವಣ ಹಾಕುವ ಒಂದು ಟೆಸ್ಟರ್ ಸಿಗುತ್ತದೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಸ್ವಲ್ಪ ಕೂಲೆಂಟ್ ಇಳಿಸಿ, ಟೆಸ್ಟರನ್ನು ಬಾಯಿಗೆ ಕೂರಿಸಬೇಕು. ಆಮೇಲೆ ಎಂಜಿನ್ ಓಡಿಸಿ, ಬಿಸಿಯಾದ ಮೇಲೆ ಅಲ್ಲಿನ ಗಾಳಿಯನ್ನು ದ್ರಾವಣದ ಮೂಲಕ ಎಳೆಯಬೇಕು. ಸಿಲಿಂಡರ್‌ನಲ್ಲಿ ಉರಿದ ಗ್ಯಾಸ್ ಕೂಲೆಂಟ್‌ಗೆ ನುಗ್ಗುತ್ತಿದ್ದರೆ ಅದರ ಕಾರ್ಬನ್ ಡೈಆಕ್ಸೈಡ್‌ಗೆ ನೀಲಿ ಹಳದಿಯಾಗುತ್ತದೆ. ಇಲ್ಲಿ ನೀಲಿ ನೀಲಿಯಾಗಿಯೇ ಉಳಿಯಿತು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆಯೂ ಇಲ್ಲ. ಗ್ಯಾಸ್ಕೆಟ್ ಮೇಲಿನ ಅನುಮಾನ ಅಲ್ಲಿಗೇ ಬಿಟ್ಟೆ.

ಮುಂದಿನ ಕೆಲಸ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಸಿಕ್ಕಿಸಿ ಘಾಟಿ ಹತ್ತಿಸುವುದು. ಡ್ಯಾಶ್‌ಬೋರ್ಡಿನ ಮುಳ್ಳನ್ನು ಮಾತ್ರ ನಂಬಬೇಡಿ. ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಉಷ್ಣತೆ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆದರೂ ಮುಳ್ಳು ನಡುವೆಯೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅದು ಕದಲುವ ಹೊತ್ತಿಗೆ ಎಂಜಿನ್ ಆಗಲೇ ಕಷ್ಟದಲ್ಲಿರುತ್ತದೆ. ಕೂಲೆಂಟ್ ಪೂರ್ತಿ ಸೋರಿಹೋದರೆ ಇನ್ನೂ ಅಪಾಯ. ಸೆನ್ಸರ್ ಬರೀ ಹಬೆಯಲ್ಲಿ ನಿಂತು, ಮುಳ್ಳು ಕೆಳಗಿಳಿದೇ ಬಿಡಬಹುದು. ಸ್ಕ್ಯಾನರ್‌ನಲ್ಲಿ ಸಮತಟ್ಟು ರಸ್ತೆಯಲ್ಲಿ 92 ಡಿಗ್ರಿ ಇತ್ತು. ಏರಿನಲ್ಲಿ 110ಕ್ಕೆ ಹೋಯಿತು. ಎಸಿ ಆರಿಸಿ ಹೀಟರ್ ಪೂರ್ತಿ ಹಾಕಿದೆ. ಬಿಸಿ ಗಾಳಿ ಚೆನ್ನಾಗಿ ಬಂತು, ಉಷ್ಣತೆಯೂ ನಿಧಾನಕ್ಕೆ ಇಳಿಯಿತು. ಹೀಟರ್‌ವರೆಗೆ ಕೂಲೆಂಟ್ ಬರುತ್ತಿದೆ ಎಂದರೆ ವಾಟರ್ ಪಂಪ್ ತಳ್ಳುತ್ತಿದೆ ಎಂದಾಯಿತು. ಪಂಪಿನ ಕೆಳಗೆ ಸೋರಿದ ಕಲೆಯೂ ಇರಲಿಲ್ಲ, ಬೇರಿಂಗ್ ಅಲುಗಾಡುತ್ತಿರಲಿಲ್ಲ.

ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ ಥರ್ಮೋಸ್ಟ್ಯಾಟ್. ಅದನ್ನು ಬಿಚ್ಚಿ, ಪಾತ್ರೆಯ ನೀರಿಗೆ ಹಾಕಿ, ಥರ್ಮಾಮೀಟರ್ ಇಟ್ಟು ಕಾಯಿಸಿದೆ. ಅದರ ಮೇಲೆ 82 ಎಂದು ಅಚ್ಚಾಗಿತ್ತು. ಹತ್ತಿರ ಹತ್ತಿರ ಅಷ್ಟಕ್ಕೇ ಬಾಯಿ ತೆರೆಯಿತು. ಅದೂ ಸರಿ.

ಉಳಿದದ್ದು ರೇಡಿಯೇಟರ್. ಬಿಸಿ ಎಂಜಿನ್ ಓಡುತ್ತಿರುವಾಗ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಉದ್ದಗಲಕ್ಕೂ ನೋಡಿದೆ. ಒಳ್ಳೆಯ ರೇಡಿಯೇಟರ್‌ನಲ್ಲಿ ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಶಾಖ ಹಂತಹಂತವಾಗಿ ಇಳಿಯುತ್ತದೆ. ಇಲ್ಲಿ ಒಂದು ಕಡೆ 85 ಇದ್ದರೆ ಅದರ ಪಕ್ಕದಲ್ಲೇ 45. ಆ ತಣ್ಣಗಿನ ಜಾಗದ ಕೊಳವೆಗಳಲ್ಲಿ ಏನೂ ಓಡುತ್ತಿಲ್ಲ. ಕೆಳಗಿನ ಹೋಸ್ ಬಿಚ್ಚಿದರೆ ಬಣ್ಣವಿಲ್ಲದ ನೀರು, ಅದರ ಜೊತೆ ಬಿಳಿ ಚಕ್ಕೆಗಳು. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಕಟ್ಟಿರುತ್ತದಲ್ಲ ಬಿಳಿ ಪೊರೆ, ಅದೇ. ವರ್ಷಗಟ್ಟಲೆ ಕೂಲೆಂಟ್ ಬದಲು ಗಡಸು ನೀರು ತುಂಬಿದ್ದಾರೆ. ಬಯಲುಸೀಮೆಯ ಎಷ್ಟೋ ಕಾರುಗಳ ಪಾಡು ಇದು. ನೋಡಿದಾಗೆಲ್ಲ ಬೇಜಾರಾಗುತ್ತದೆ. ಒಂದೆರಡು ಕ್ಯಾನ್ ಕೂಲೆಂಟ್‌ನ ದುಡ್ಡಲ್ಲಿ ತಪ್ಪುವಂಥದ್ದು.

ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್ ಇರುವ ರೇಡಿಯೇಟರನ್ನು ಹಳೆಯ ಹಿತ್ತಾಳೆಯದರ ಹಾಗೆ ಬಿಚ್ಚಿ ಕಡ್ಡಿ ಹಾಕಿ ತೆಗೆಯಲಾಗದು. ಹೊಸದೇ ಬೇಕು. ಎಂಜಿನ್ ಒಳಗಿನ ಚಕ್ಕೆಗಳನ್ನು ಮೊದಲು ಚೆನ್ನಾಗಿ ಫ್ಲಶ್ ಮಾಡಿದೆ. ಇಲ್ಲದಿದ್ದರೆ ಅವೆಲ್ಲ ಹೊಸ ರೇಡಿಯೇಟರ್‌ಗೇ ಹೋಗಿ ಕೂರುತ್ತವೆ. ಮುಚ್ಚಳವನ್ನೂ ಬದಲಾಯಿಸಿದೆ, ಅದರ ರಬ್ಬರ್ ಬಿರಿದಿತ್ತು. ಈ ಚಿಕ್ಕ ಮುಚ್ಚಳವನ್ನು ಸುಮಾರು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳಗೆ ಒಂದು ಬಾರ್‌ನಷ್ಟು ಒತ್ತಡ ನಿಂತರೆ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಮಿಶ್ರಣ 120 ಡಿಗ್ರಿಗೂ ಕುದಿಯುವುದಿಲ್ಲ. ಒತ್ತಡ ನಿಲ್ಲದಿದ್ದರೆ ಬೇಗ ಕುದಿಯುತ್ತದೆ. ಕೊನೆಗೆ ಒಳಗಿನ ಗಾಳಿ ತೆಗೆದು ಮತ್ತೆ ಘಾಟಿ ಹತ್ತಿಸಿದೆ. 98ರ ಆಸುಪಾಸಿನಲ್ಲೇ ನಿಂತಿತು.

ಆದರೆ ಕಾರು ಎಳೆಯುತ್ತಿರಲಿಲ್ಲ. ಮೂರನೇ ಗೇರಿನಲ್ಲಿ ಹೋಗಬೇಕಾದ ಏರಿಗೆ ಎರಡನೇ ಗೇರು ಕೇಳುತ್ತಿತ್ತು. ಬೆಳಗಿನ ಕಟಕಟವೂ ಹಾಗೇ ಇತ್ತು.

ಆ ಸದ್ದಿಗೆ ನನ್ನ ಅನುಮಾನ ಹೋದದ್ದು ಟೈಮಿಂಗ್ ಚೈನ್ ಮೇಲೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿಗೂ ವಾಲ್ವುಗಳನ್ನು ತೆರೆಯುವ ಕ್ಯಾಮಿಗೂ ತಾಳೆ ತಪ್ಪದ ಹಾಗೆ ನೋಡಿಕೊಳ್ಳುವುದು ಈ ಚೈನು. ಅದನ್ನು ಬಿಗಿಯಾಗಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ರಾತ್ರಿ ನಿಂತಾಗ ಅದರೊಳಗಿನ ಆಯಿಲ್ ಇಳಿದುಹೋಗುತ್ತದೆ. ಚೈನ್ ಸವೆದಿದ್ದರೆ ಬೆಳಿಗ್ಗೆ ಒತ್ತಡ ಏರುವವರೆಗೆ ಅದು ಸಡಿಲವಾಗಿ ಬಡಿಯುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಉದ್ದನೆಯ ಸ್ಕ್ರೂಡ್ರೈವರ್ ಒಂದು ತುದಿ ಟೈಮಿಂಗ್ ಕವರ್‌ಗೆ, ಇನ್ನೊಂದು ಕಿವಿಗೆ ಹಿಡಿದರೆ ಸದ್ದು ಬರುವ ಜಾಗ ಖಚಿತವಾಗುತ್ತದೆ. ಬೆಲ್ಟುಗಳಿಂದ ತಲೆಗೂದಲು, ಬಟ್ಟೆ ಮಾತ್ರ ದೂರ ಇರಲಿ.

ಸದ್ದು ಕೇಳಿತು ಎಂದು ನೇರ ಚೈನ್ ಬಿಚ್ಚಬಾರದು. ಆಯಿಲ್ ಕಡಿಮೆಯಿದ್ದರೂ, ಪಂಪ್ ಸೋತರೂ ಇದೇ ಸದ್ದು ಬರುತ್ತದೆ. ಮಟ್ಟ ನೋಡಿದೆ, ಸರಿಯಿತ್ತು. ಆಯಿಲ್ ಸ್ವಿಚ್ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ ಒತ್ತಡ ನೋಡಿದೆ, ಅದೂ ಸರಿ. ಸ್ಕ್ಯಾನರ್‌ನಲ್ಲಿ ಪಿ0016 ಕೋಡ್ ಕೂತಿತ್ತು. ಕ್ರ್ಯಾಂಕ್ ಇರುವ ಜಾಗಕ್ಕೂ ಕ್ಯಾಮ್ ಇರುವ ಜಾಗಕ್ಕೂ ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಈಗ ವಾಲ್ವ್ ಕವರ್ ತೆಗೆಯಲು ಕಾರಣ ಸಿಕ್ಕಿತು. ಕ್ರ್ಯಾಂಕ್ ಗುರುತು ಸರಿಯಾಗಿ ನಿಲ್ಲಿಸಿದರೆ ಕ್ಯಾಮ್ ಗುರುತು ಹಿಂದೆ ಉಳಿದಿತ್ತು. ಟೆನ್ಷನರ್‌ನ ಕಡ್ಡಿ ಬಹುತೇಕ ಪೂರ್ತಿ ಹೊರಗೆ ಬಂದಿತ್ತು. ಚೈನ್ ಒರಗಿ ಓಡುವ ಪಟ್ಟಿ, ಅಂದರೆ ಗೈಡಿನ ಪ್ಲಾಸ್ಟಿಕ್‌ನಲ್ಲಿ ಚೈನ್ ಆಳವಾಗಿ ಗೀರು ಹಾಕಿತ್ತು.

ಚೈನ್ ಎಳೆದು ಉದ್ದವಾಯಿತು ಎನ್ನುತ್ತೇವೆ. ನಿಜಕ್ಕೂ ಉಕ್ಕು ಹಿಗ್ಗುವುದಲ್ಲ, ಪ್ರತಿ ಕೊಂಡಿಯ ಪಿನ್ನು ಸವೆಯುತ್ತದೆ. ಒಂದೊಂದರಲ್ಲಿ 0.02 ಮಿಲಿಮೀಟರ್ ಸವೆದರೂ 130 ಕೊಂಡಿಗಳು ಸೇರಿ 2.6 ಮಿಲಿಮೀಟರ್ ಆಗುತ್ತದೆ. ಅಷ್ಟಕ್ಕೇ ಕ್ಯಾಮ್ ತಡವಾಗಿ ತಿರುಗುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸಾಯುತ್ತದೆ. ಹಳೆಯ ಚೈನನ್ನೂ ಹೊಸದನ್ನೂ ಪಕ್ಕಪಕ್ಕ ನೇತುಹಾಕಿ ಭಾವನಿಗೆ ತೋರಿಸಿದೆ. ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು.

ಬಿಸಿಗೂ ಚೈನಿಗೂ ಸಂಬಂಧ ಇದೆಯಾ ಎಂದು ಭಾವ ಕೇಳಿದರು. ಇದೆ. ಎಂಜಿನ್ ಪದೇಪದೇ ಬಿಸಿಯಾದರೆ ಆಯಿಲ್ ತೆಳುವಾಗುತ್ತದೆ, ಬೇಗ ಕೆಡುತ್ತದೆ, ಕಪ್ಪು ಕೆಸರು ಕಟ್ಟುತ್ತದೆ. ಕೆಟ್ಟ ಆಯಿಲ್‌ನಲ್ಲಿ ಪಿನ್ನುಗಳು ಬೇಗ ಸವೆಯುತ್ತವೆ. ಅದಕ್ಕೇ ಬಿಸಿಯಾಗುವುದನ್ನು ಮೊದಲು ಸರಿಮಾಡಿದ್ದು. ಇಲ್ಲದಿದ್ದರೆ ಹೊಸ ಚೈನೂ ಅದೇ ದಾರಿ ಹಿಡಿಯುತ್ತಿತ್ತು.

ಚೈನ್, ಎರಡೂ ಗೈಡು, ಟೆನ್ಷನರ್, ಹಲ್ಲಿನ ಚಕ್ರಗಳು, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದೆ. ಬರೀ ಟೆನ್ಷನರ್ ಹಾಕಿ ಸದ್ದು ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್ ಇಳಿಸಿ, ಆಯಿಲ್ ಜಾಲರಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೂರುಗಳನ್ನೂ ತೆಗೆದೆ. ಜೋಡಿಸಿ, ಟೆನ್ಷನರ್ ಪಿನ್ ಎಳೆದ ಮೇಲೆ ಎಂಜಿನ್ ಓಡುವ ದಿಕ್ಕಿಗೇ ಕೈಯಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳನ್ನು ಮತ್ತೆ ನೋಡಿದೆ. ಈ ಹೆಜ್ಜೆ ಬಿಟ್ಟು ಕೀ ತಿರುಗಿಸಬೇಡಿ. ಹಲ್ಲು ತಪ್ಪಿ ಕೂತಿದ್ದರೆ ಇಂಥ ಎಂಜಿನ್‌ನಲ್ಲಿ ವಾಲ್ವು ಪಿಸ್ಟನ್‌ಗೆ ಹೊಡೆದು ಬಾಗುತ್ತದೆ.

ಕಟಕಟ ನಿಂತಿತು, ಘಾಟಿ ಮೂರನೇ ಗೇರಿನಲ್ಲಿ ಹತ್ತಿತು, ಕೋಡ್ ಮತ್ತೆ ಬರಲಿಲ್ಲ.

ಹಳೆಯ ಕಾರು ಕೊಳ್ಳಲು ಹೊರಟವರಿಗೆ ಇಷ್ಟು ಹೇಳುತ್ತೇನೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಹೋಗಿ ನೋಡಿ. ಬಾನೆಟ್ ಮುಟ್ಟಿ, ಆಗಲೇ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬಣ್ಣದ ಕೂಲೆಂಟ್ ಇದೆಯೋ ಬರೀ ನೀರೋ ನೋಡಿ. ಆಮೇಲೆ ಬಾನೆಟ್ ತೆರೆದೇ ಇಟ್ಟು, ಬೇರೆಯವರಿಗೆ ಸ್ಟಾರ್ಟ್ ಮಾಡಲು ಹೇಳಿ, ಮೊದಲ ಮೂರು ಸೆಕೆಂಡಿನ ಸದ್ದು ಗಮನವಿಟ್ಟು ಕೇಳಿ.